ಘಾಟಿ ಮುಚ್ಚಿದ ಭಾನುವಾರ: ಐಸ್‌ಲ್ಯಾಂಡಿನ ಸಣ್ಣ ಸಭೆಯಲ್ಲಿ ಹಿರಿಯ ಮಿಷನರಿ ದಂಪತಿ

ಇದು ಒಂದೇ ಮನೆಯವರ ಕಥೆಯಲ್ಲ. ಸಣ್ಣ ಸಭೆಗಳಲ್ಲಿ ಬೇರೆ ಬೇರೆ ವಾರ ಆಗುವಂಥದ್ದನ್ನು ಒಂದೇ ಭಾನುವಾರಕ್ಕೆ ತಂದು ಕಟ್ಟಿದ ಮಾದರಿ ಪ್ರಕರಣ. ಊರು ಐಸ್‌ಲ್ಯಾಂಡಿನ ದಕ್ಷಿಣದ ಸೆಲ್‌ಫೋಸ್‌ನಂಥದ್ದು. ರಾಜಧಾನಿ ರೇಕ್ಯಾವಿಕ್‌ಗೆ 57 ಕಿ.ಮೀ. ಆಸುಪಾಸು, ನಡುವೆ ಹೆಟ್ಲಿಸ್‌ಹೇಯ್ದಿ ಎಂಬ ಘಾಟಿ. ತಿಂಗಳು ಫೆಬ್ರವರಿ, ಮೊದಲ ಭಾನುವಾರ. ಸೂರ್ಯ ಹುಟ್ಟುವುದೇ ಹತ್ತು ಗಂಟೆ ಸುಮಾರಿಗೆ. ಸಭೆ ಸೇರುವುದು ಹನ್ನೊಂದಕ್ಕೆ.

ಲೋಕವೆಲ್ಲ ಮಾರ್ಮನ್ ಎಂದು ಕರೆಯುವ ಈ ಸಭೆಯ ಪೂರ್ತಿ ಹೆಸರು ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ. ಅಡ್ಡಹೆಸರು ಬಿಟ್ಟು ಪೂರ್ತಿ ಹೆಸರನ್ನೇ ಬಳಸಿ ಎಂದು ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. ಅದೇ ವರ್ಷ ಬೆಂಗಳೂರಿನಲ್ಲಿ ಇವರ ದೇವಾಲಯವೊಂದನ್ನು ಕಟ್ಟುವುದಾಗಿ ಘೋಷಿಸಿದ್ದರಿಂದ ನಮ್ಮಲ್ಲೂ ಕೆಲವರಿಗೆ ಹೆಸರು ಪರಿಚಯ. ಐಸ್‌ಲ್ಯಾಂಡಿನ ನಂಟು ಇನ್ನೂ ಹಳೆಯದು. ಕೋಪನ್‌ಹೇಗನ್‌ಗೆ ಕಸುಬು ಕಲಿಯಲು ಹೋದ ಇಬ್ಬರು ಐಸ್‌ಲ್ಯಾಂಡಿನವರು ಅಲ್ಲೇ ಈ ಮತಕ್ಕೆ ಸೇರಿ 1851ರಲ್ಲಿ ತಮ್ಮ ದೇಶದ ವೆಸ್ಟ್‌ಮನ್ ದ್ವೀಪಗಳಿಗೆ ಮರಳಿದರು. 1855ರಿಂದ ಐಸ್‌ಲ್ಯಾಂಡಿನವರು ಅಮೆರಿಕದ ಯೂಟಾದ ಸ್ಪ್ಯಾನಿಷ್ ಫೋರ್ಕ್‌ನಲ್ಲಿ ನೆಲೆಯೂರತೊಡಗಿದರು. 1914ರಲ್ಲಿ ನಿಂತ ಮಿಷನ್ ಕೆಲಸ ಮತ್ತೆ ಶುರುವಾದದ್ದು 1975ರಲ್ಲಿ. ಹಾಗಾಗಿ ಸಭೆಗಳು ಇಂದಿಗೂ ಚಿಕ್ಕವು. ವಿಶ್ವಾಸಿಗಳಲ್ಲಿ ಕೆಲಸ ಹುಡುಕಿಕೊಂಡು ಬಂದ ಹೊರದೇಶದವರೂ ಇರುತ್ತಾರೆ.

ಹಿರಿಯ ಮಿಷನರಿ ದಂಪತಿ ಎಂದರೆ ಮಕ್ಕಳ ಜವಾಬ್ದಾರಿ ಮುಗಿಸಿ, ಸಾಮಾನ್ಯವಾಗಿ ನಿವೃತ್ತಿಯಾದ ಮೇಲೆ, ಸ್ವಂತ ಖರ್ಚಿನಲ್ಲಿ ಬರುವವರು. ಅವಧಿ 6, 12, 18 ಅಥವಾ 23 ತಿಂಗಳು. ಬಿಳಿ ಅಂಗಿ ತೊಟ್ಟು ಮನೆಮನೆ ಬಾಗಿಲು ತಟ್ಟುವ ಹುಡುಗರ ದಿನಚರಿ ಇವರದಲ್ಲ. ನಮ್ಮ ಪ್ರಕರಣದ ದಂಪತಿಗೆ ಸಿಕ್ಕ ಹೊಣೆ ಸ್ಥಳೀಯ ಸದಸ್ಯರಿಗೂ ಮುಖಂಡರಿಗೂ ಬೆಂಬಲ ಕೊಡುವುದು. ಓದಲು ಸಲೀಸು, ಆಚರಿಸಲು ಕಷ್ಟ. ಬೆಂಬಲ ಕೊಡುವವರು ಯಾವಾಗ ಯಜಮಾನರಾದರು ಎಂಬುದು ಅವರಿಗೇ ಗೊತ್ತಾಗುವುದಿಲ್ಲ.

ಬೆಳಗ್ಗೆ ಏಳೂವರೆಯ ಫೋನು

ಶನಿವಾರ ರಾತ್ರಿಯೇ ಹವಾಮಾನ ಇಲಾಖೆ ಹಳದಿಯಿಂದ ಕಿತ್ತಳೆ ಎಚ್ಚರಿಕೆಗೆ ಏರಿತ್ತು. ಬೆಳಗ್ಗೆ ರಸ್ತೆ ಇಲಾಖೆಯ 1777ಕ್ಕೆ ಫೋನು ಮಾಡಿದರೆ ಹೆಟ್ಲಿಸ್‌ಹೇಯ್ದಿಯೂ ಬಂದ್, ಪಕ್ಕದ ಥ್ರೆಂಗ್ಸ್ಲಿ ದಾರಿಯೂ ಬಂದ್. ಬ್ರಾಂಚ್ ಪ್ರೆಸಿಡೆಂಟ್, ಅಂದರೆ ಈ ಸಭೆಯ ಮುಖ್ಯಸ್ಥ, ಶನಿವಾರ ಮಗಳ ಮನೆಗೆಂದು ರೇಕ್ಯಾವಿಕ್‌ಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದಾರೆ. ಅವರ ಸಹಾಯಕರೊಬ್ಬರು ಘಾಟಿಯ ಮೇಲಿನ ಭೂಶಾಖ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ಅಲ್ಲಿಂದ ಇಳಿಯಲಾಗದೆ ಕೂತಿದ್ದಾರೆ. ಇನ್ನೊಬ್ಬ ಸಹಾಯಕರ ಜಾಗ ಖಾಲಿ. ರೊಟ್ಟಿ ತರಬೇಕಾದ ಮನೆಯೂ, ಭಾನುವಾರದ ಪಾಠ ಹೇಳಬೇಕಾದವರೂ ಘಾಟಿಯ ಆಚೆ.

ಊರೊಳಗೆ ಉಳಿದದ್ದು ಹದಿನೇಳು ಜನ. ಅದರಲ್ಲಿ ನಾಲ್ಕು ಚಿಕ್ಕ ಮಕ್ಕಳು, ಹದಿನಾರರ ಒಬ್ಬ ಹುಡುಗ, ಹದಿನಾಲ್ಕರ ಒಬ್ಬ ಹುಡುಗಿ, ಎರಡು ವರ್ಷದ ಹಿಂದೆ ದೀಕ್ಷಾಸ್ನಾನ ಪಡೆದ ಮೀನು ಕಾರ್ಖಾನೆಯ ನೌಕರರೊಬ್ಬರು, ಮತ್ತೆ ನಮ್ಮ ಅಮೆರಿಕನ್ ದಂಪತಿ. ಹಿರಿಯರು ತಮ್ಮೂರಿನಲ್ಲಿ ಬಿಷಪ್, ಅಂದರೆ ಅಲ್ಲಿಯ ಸಭೆಯ ಮುಖ್ಯಸ್ಥ, ಆಗಿದ್ದವರು. ಪತ್ನಿ ಮೂವತ್ತು ವರ್ಷ ಪಿಯಾನೋ ನುಡಿಸಿದವರು. ತೊಂದರೆ ಇರುವುದೇ ಇಲ್ಲಿ. ಅವರಿಬ್ಬರೇ ಇಡೀ ಭಾನುವಾರವನ್ನು ಹೊತ್ತುಕೊಂಡು ಸಾಗಿಸಬಲ್ಲರು.

ಪ್ರೆಸಿಡೆಂಟ್ ಫೋನಿನಲ್ಲಿ ಮೊದಲು ಕೇಳಿದ್ದೂ ಅದನ್ನೇ: ನೀವು ನಡೆಸಿಕೊಡಬಹುದಲ್ಲ?

ಹಿರಿಯರು ಒಪ್ಪಿಕೊಳ್ಳಲಿಲ್ಲ. ಅದು ಸಂಕೋಚವಲ್ಲ, ಅದಕ್ಕೆ ಎರಡು ಗಟ್ಟಿ ಕಾರಣ ಇದ್ದವು. ಮೊದಲನೆಯದು ಅಧಿಕಾರದ್ದು. ಹಿರಿಯ ಮಿಷನರಿಗೆ ಯಾಜಕತ್ವ, ಅಂದರೆ ವಿಧಿಗಳನ್ನು ಮಾಡುವ ಅರ್ಹತೆ, ಇದೆ, ಆದರೆ ಆ ಸಭೆಯ ಕೀಲಿಕೈ ಇಲ್ಲ. ಅಲ್ಲಿ ಸಂಸ್ಕಾರ (ಯೇಸುವಿನ ನೆನಪಿಗೆ ರೊಟ್ಟಿ, ನೀರು ಹಂಚುವ ವಿಧಿ) ನಡೆಯಬೇಕೋ ಬೇಡವೋ ಎಂದು ಹೇಳುವ ಅಧಿಕಾರವನ್ನು ಈ ಸಭೆಯವರು ಕೀಲಿಕೈ ಎಂದೇ ಕರೆಯುತ್ತಾರೆ. ಪ್ರೆಸಿಡೆಂಟ್ ಒಪ್ಪಿಗೆ ಕೊಡದೆ ರೊಟ್ಟಿ ಮುರಿಯುವಂತಿಲ್ಲ. ಅವರೂ ಅವರ ಸಹಾಯಕರೂ ಇಲ್ಲದಾಗ ಯಾರು ಅಧ್ಯಕ್ಷತೆ ವಹಿಸಬೇಕೆಂಬುದನ್ನು ಮೇಲಿನವರ ಗಮನಕ್ಕೂ ತಂದು ತೀರ್ಮಾನಿಸಬೇಕು. ಅದಕ್ಕೆ ಇನ್ನೆರಡು ಫೋನು ಸಾಕು, ಹತ್ತು ನಿಮಿಷದ ಕೆಲಸ.

ಎರಡನೆಯದು ಭಾಷೆಯದು, ನನ್ನ ಪ್ರಕಾರ ಇದೇ ಹೆಚ್ಚು ತೂಕದ್ದು. ಸಂಸ್ಕಾರದ ಎರಡು ಪ್ರಾರ್ಥನೆಗಳನ್ನು ಅಕ್ಷರ ಬಿಡದೆ ಹೇಳಬೇಕು. ಒಂದು ಪದ ತಪ್ಪಿದರೂ ಮತ್ತೆ ಹೇಳಿಸಬೇಕಾದವರು ಅಧ್ಯಕ್ಷತೆ ವಹಿಸಿದವರು. ಐಸ್‌ಲ್ಯಾಂಡಿಕ್ ಬಾರದವರು ಆ ಕುರ್ಚಿಯಲ್ಲಿ ಕೂತರೆ ಹುಡುಗ ಅರ್ಧ ಸಾಲು ನುಂಗಿದರೂ ತಿಳಿಯುವುದಿಲ್ಲ. ಸುಮ್ಮನೆ ತಲೆಯಾಡಿಸುತ್ತಾರೆ. ನಲವತ್ತು ವರ್ಷದ ಅನುಭವ ಆ ಒಂದು ನಿಮಿಷಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಮೀನು ಕಾರ್ಖಾನೆಯವರು ಸಭೆ ನಡೆಸುವುದೆಂದು ಎಂಟೂಕಾಲಿಗೆ ತೀರ್ಮಾನವಾಯಿತು. ಅವರು ಮಾತು ಕಡಿಮೆಯ ಮನುಷ್ಯ, ಹಿಂದೆಂದೂ ಸಭೆ ನಡೆಸಿದವರಲ್ಲ. ಹಿರಿಯರು ಮಾಡಿದ್ದು ಇಷ್ಟೇ: ಅಂಗೈಯಗಲದ ಕಾರ್ಡಿನ ಮೇಲೆ ಕ್ರಮ ಬರೆದರು. ಸ್ವಾಗತ, ಆರಂಭದ ಕೀರ್ತನೆ, ಪ್ರಾರ್ಥನೆ ಯಾರದು, ಪ್ರಕಟಣೆ, ಸಂಸ್ಕಾರದ ಕೀರ್ತನೆ, ಸಂಸ್ಕಾರ, ನಡೆಸುವವರ ಚಿಕ್ಕ ಸಾಕ್ಷಿ (ತಮ್ಮ ನಂಬಿಕೆಯ ಬಗ್ಗೆ ಮಾತು), ಆಮೇಲೆ ಎಲ್ಲರಿಗೂ ಅವಕಾಶ, ಮುಕ್ತಾಯದ ಕೀರ್ತನೆ, ಪ್ರಾರ್ಥನೆ. ಪ್ರತಿಯೊಂದರ ಪಕ್ಕ ಗಂಟೆ. ಆ ಕಾರ್ಡನ್ನು ನಡೆಸುವವರೇ ತಮ್ಮ ಕೈಬರಹದಲ್ಲಿ ತಮ್ಮ ಭಾಷೆಗೆ ಇಳಿಸಿಕೊಂಡರು. ಈ ಹೆಜ್ಜೆ ಬಿಡಬಾರದು. ಬೇರೆಯವರು ಬರೆದುಕೊಟ್ಟದ್ದನ್ನು ಹಿಡಿದವರು ಓದುತ್ತಾರೆ, ತಾವೇ ಬರೆದುಕೊಂಡವರು ನಡೆಸುತ್ತಾರೆ.

ಮನೆಯಿಂದ ಹಾಲ್‌ಗೆ

ದೂರ ಬರೀ ನಾನೂರು ಮೀಟರ್. ಆದರೂ ಇಪ್ಪತ್ತು ನಿಮಿಷ ಇಟ್ಟುಕೊಳ್ಳಬೇಕು. ಐಸ್‌ಲ್ಯಾಂಡಿನ ಗಾಳಿ ಕಾರಿನ ಬಾಗಿಲನ್ನು ಹಿಡಿತದಿಂದ ಕಿತ್ತು ಹಿಂದಕ್ಕೆ ಮಡಚಿಬಿಡುತ್ತದೆ. ಬಾಡಿಗೆ ಕಾರಿನ ವಿಮೆಯಲ್ಲಿ ಸಾಮಾನ್ಯವಾಗಿ ಇದು ಸೇರಿರುವುದಿಲ್ಲ. ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕು, ಒಂದು ಸಲಕ್ಕೆ ಒಂದೇ ಬಾಗಿಲು. ಬೂಟಿಗೆ ಮುಳ್ಳಿನ ಪಟ್ಟಿ ಹಾಕಿಕೊಂಡೇ ಇಳಿಯಬೇಕು. ಎಪ್ಪತ್ತರ ಹತ್ತಿರದವರು ಮಂಜುಗಡ್ಡೆ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಆವತ್ತಿಗೇ ಸೇವೆ ಮುಗಿದ ಹಾಗೆ.

ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತು, ಸುಮಾರು 24 ಗಂಟೆ ಅನ್ನ ನೀರು ಬಿಟ್ಟು, ಉಳಿದ ಊಟದ ಹಣವನ್ನೋ ಅದಕ್ಕಿಂತ ಹೆಚ್ಚನ್ನೋ ಬಡವರಿಗೆಂದು ಕೊಡುವುದು ರೂಢಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಪತ್ನಿ ಎಂದಿನಂತೆ ತಿಂಡಿ ತಿಂದೇ ಹೊರಟರು. ಆರೋಗ್ಯ ಸರಿಯಿಲ್ಲದವರು ಉಪವಾಸ ಮಾಡಬೇಕಿಲ್ಲ. ಹಿರಿಯ ದಂಪತಿ ಇಂಥದ್ದನ್ನು ಮುಚ್ಚಿಟ್ಟು ಸಂಸ್ಕಾರದ ಮಧ್ಯೆ ತಲೆ ತಿರುಗಿ ಬಿದ್ದರೆ ಹದಿನೇಳು ಜನರ ಸಭೆಯಲ್ಲಿ ಅಲ್ಲಿಗೆ ಎಲ್ಲ ಮುಗಿಯಿತು.

ರೊಟ್ಟಿ, ನೀರು

ರೊಟ್ಟಿ ತರಬೇಕಾದವರು ಬರಲಿಲ್ಲ. ಭಾನುವಾರ ಅಂಗಡಿಗೆ ಹೋಗಿ ಕೊಳ್ಳುವುದನ್ನು ಈ ಸಭೆಯವರು ಆದಷ್ಟು ತಪ್ಪಿಸುತ್ತಾರೆ. ಇದಕ್ಕೆಂದೇ ಹಾಲ್‌ನ ಅಡುಗೆಮನೆಯ ಫ್ರೀಜರಿನಲ್ಲಿ ಒಂದು ಪೌಂಡು ಬಿಳಿ ಬ್ರೆಡ್ಡು ಇತ್ತು. ಸ್ಲೈಸುಗಳನ್ನು ಬಿಡಿಸಿ ತಟ್ಟೆಯಲ್ಲಿ ಹರಡಿ ಬಟ್ಟೆ ಮುಚ್ಚಿಟ್ಟರೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಇಡೀ ಪೌಂಡನ್ನು ಹಾಗೇ ಇಟ್ಟರೆ ಹನ್ನೊಂದಾದರೂ ನಡುಭಾಗ ಕಲ್ಲು. ಅವಸರಕ್ಕೆ ಮೈಕ್ರೋವೇವಿಗೆ ಇಟ್ಟರೆ ಮೊದಲು ಬಿಸಿ, ಐದು ನಿಮಿಷಕ್ಕೆ ರಬ್ಬರು; ಮುರಿಯಲು ಹೋದರೆ ಎಳೆಯಬೇಕಾಗುತ್ತದೆ. ಅಲ್ಲಿಯ ರೈ ಬ್ರೆಡ್ಡು ಎಷ್ಟೇ ರುಚಿಯಾಗಿದ್ದರೂ ಇದಕ್ಕೆ ಹೊಂದುವುದಿಲ್ಲ, ಬೆರಳಿಗೆ ಅಂಟಿ ಪುಡಿಯಾಗುತ್ತದೆ. ಯಾವ ಬ್ರೆಡ್ಡಾದರೂ ನಡೆಯುತ್ತದೆ, ನಿಯಮವೇನೂ ಇಲ್ಲ. ಇದು ಬೆರಳಿನ ಮಾತು ಅಷ್ಟೆ.

ಒಂದು ಸ್ಲೈಸಿಗೆ ಹದಿನಾರು ಚೂರು. ಹದಿನೇಳು ಜನಕ್ಕೆ ಎರಡು ಸ್ಲೈಸು ಬೇಕಾದಷ್ಟು. ಗೋಧಿ ಒಗ್ಗದವರೊಬ್ಬರಿದ್ದರು. ಅವರಿಗೆಂದು ಅಕ್ಕಿ ಬಿಲ್ಲೆಯ ಒಂದು ಚೂರನ್ನು ಬೇರೆ ಪುಟ್ಟ ಚೀಲದಲ್ಲಿ ಹಾಕಿ ಬೇರೆ ತಟ್ಟೆಯಲ್ಲಿಟ್ಟು, ಅದನ್ನೂ ಮೇಜಿನ ಮೇಲೆ ಪ್ರಾರ್ಥನೆಗೆ ಮುಂಚೆಯೇ ಇರಿಸಬೇಕು. ಬ್ರೆಡ್ಡು ಮುಟ್ಟಿದ ಕೈಯಲ್ಲಿ ಅದನ್ನು ಮುಟ್ಟಬಾರದು, ಮೊದಲು ಅದನ್ನೇ ಸಿದ್ಧಮಾಡಬೇಕು.

ಇಲ್ಲಿ ದ್ರಾಕ್ಷಾರಸವಿಲ್ಲ, ನೀರು. ತಪ್ಪಿದ್ದು ನೀರಿನಲ್ಲೇ. ಐಸ್‌ಲ್ಯಾಂಡಿನ ತಣ್ಣೀರು ಬುಗ್ಗೆಯದು, ಅದರ ರುಚಿಗೆ ಹೆಸರುವಾಸಿ. ಬಿಸಿನೀರು ನೆಲದಾಳದಿಂದ ಬರುವುದು, ಅದಕ್ಕೆ ಗಂಧಕದ ವಾಸನೆ, ಕೊಳೆತ ಮೊಟ್ಟೆಯ ಹಾಗೆ. ಹುಡುಗ ಬಿಸಿನೀರಲ್ಲಿ ಕೈ ತೊಳೆದವನು ಅದೇ ನಲ್ಲಿಯನ್ನು ತಣ್ಣಗೆ ತಿರುಗಿಸಿ ತಕ್ಷಣ ಪುಟ್ಟ ಲೋಟಗಳನ್ನು ತುಂಬಿಸಿದ. ನಲ್ಲಿಯ ಕತ್ತಿನಲ್ಲಿ ನಿಂತಿದ್ದ ಬಿಸಿನೀರೇ ಮೊದಲ ಆರೇಳು ಲೋಟಕ್ಕೆ ಬಿತ್ತು. ಹಿರಿಯರ ಪತ್ನಿ ಮೂಗಿನಿಂದಲೇ ಕಂಡುಹಿಡಿದರು. ತಣ್ಣೀರನ್ನು ಅರ್ಧ ನಿಮಿಷ ಹರಿಯಬಿಟ್ಟು, ಬೆರಳಿಗೆ ಕೊರೆಯುವಷ್ಟು ತಣ್ಣಗಾದ ಮೇಲೆ ಜಗ್ಗಿಗೆ ಹಿಡಿದು, ಜಗ್ಗಿನಿಂದ ಲೋಟಕ್ಕೆ ಮುಕ್ಕಾಲು ತುಂಬಿಸಿದರೆ ಆಯಿತು. ಅಂಚಿನವರೆಗೆ ತುಂಬಿದರೆ ಟ್ರೇ ಕೈಬದಲಾಗುವಾಗ ಚೆಲ್ಲುತ್ತದೆ. ಅವರು ಹುಡುಗನಿಗೆ ಹೇಳಿದರು, ತಾವೇ ತುಂಬಿಸಲು ಹೋಗಲಿಲ್ಲ.

ಬಿಳಿ ಬಟ್ಟೆ ಹೊದಿಸಿದ ಮೇಲೆ ಮೇಜಿನ ಬಳಿ ಇಬ್ಬರು: ಹುಡುಗ, ಹಿರಿಯರು. ಕೀರ್ತನೆ ಹಾಡುವಾಗಲೇ ಇಬ್ಬರೂ ಬ್ರೆಡ್ಡು ಮುರಿದರು. ಎರಡೂ ಪ್ರಾರ್ಥನೆ ಹುಡುಗನದೇ, ಐಸ್‌ಲ್ಯಾಂಡಿಕ್‌ನಲ್ಲಿ. ನೀರಿನ ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿತು. ಮೀನು ಕಾರ್ಖಾನೆಯವರು ಕೂತಲ್ಲಿಂದಲೇ ಬೆರಳೆತ್ತಿ ಸನ್ನೆ ಮಾಡಿದರು, ಹುಡುಗ ಮೊದಲಿನಿಂದ ಓದಿದ. ಪಕ್ಕದಲ್ಲೇ ನಿಂತಿದ್ದ ಹಿರಿಯರಿಗೆ ಏನು ತಪ್ಪಿತೆಂದು ಇವತ್ತಿಗೂ ತಿಳಿದಿರಲಾರದು.

ಉಳಿದ ಬ್ರೆಡ್ಡಿಗೆ ನಮ್ಮ ಪ್ರಸಾದದಂಥ ಮಡಿಯೇನೂ ಇಲ್ಲ, ಸಭೆ ಮುಗಿದ ಮೇಲೆ ತಿನ್ನಬಹುದು. ಮಕ್ಕಳು ಅದಕ್ಕೇ ಕಾದಿರುತ್ತಾರೆ.

ಕೀರ್ತನೆಯ ನಂಬರು

ಇಂಗ್ಲಿಷಿನ 1985ರ ಕೀರ್ತನೆ ಪುಸ್ತಕದಲ್ಲಿ 341 ಹಾಡು. ಬೇರೆ ಭಾಷೆಗಳ ಅನೇಕ ಪುಸ್ತಕಗಳಲ್ಲಿ ಅಷ್ಟು ಹಾಡೂ ಇಲ್ಲ, ನಂಬರೂ ಬೇರೆ. ಶನಿವಾರ ಹಿರಿಯರು ಫೋನಿನ ಆ್ಯಪ್ ನೋಡಿ ಬೋರ್ಡಿಗೆ ನಂಬರು ಏರಿಸಿದ್ದರು. ಆ್ಯಪ್ ಇಂಗ್ಲಿಷಿನಲ್ಲಿತ್ತು. ಭಾನುವಾರ ಕೀಬೋರ್ಡು ಒಂದು ರಾಗ ಶುರು ಮಾಡಿತು, ಜನ ಇನ್ನೊಂದು ಹಾಡು ತೆರೆದು ಕೂತಿದ್ದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದುಹೋಗಿ ಬೋರ್ಡಿನ ನಂಬರು ಬದಲಿಸಿ ಬಂದರು, ಯಾರ ಅಪ್ಪಣೆಗೂ ಕಾಯದೆ. ನಂಬರು ಬರೆಯುವ ಕೆಲಸ ಸ್ಥಳೀಯರದೇ ಆಗಿರಬೇಕು, ಅದೂ ಅಚ್ಚಾದ ಪುಸ್ತಕ ಕೈಯಲ್ಲಿ ಹಿಡಿದು.

ನುಡಿಸಿದ್ದು ಹದಿನಾಲ್ಕರ ಹುಡುಗಿ. ಅವಳಿಗೆ ಸರಿಯಾಗಿ ಬರುವುದು ಮೂರು ಕೀರ್ತನೆ, ಅವುಗಳಲ್ಲಿ ಸಂಸ್ಕಾರದ ಕೀರ್ತನೆ ಒಂದೂ ಇಲ್ಲ. ಹಾಗಾಗಿ ಆರಂಭಕ್ಕೂ ಮುಕ್ತಾಯಕ್ಕೂ ಅವಳು, ಸಂಸ್ಕಾರದ್ದಕ್ಕೆ ಆ್ಯಪಿನ ಧ್ವನಿಮುದ್ರಣ. ಪಿಯಾನೋ ಬಲ್ಲ ಹಿರಿಯರ ಪತ್ನಿ, ಸಭೆಯವರ ಬಾಯಲ್ಲಿ ಸಿಸ್ಟರ್, ಪಕ್ಕದಲ್ಲಿ ಕೂತು ಹಾಳೆ ತಿರುಗಿಸಿದರು. ಹುಡುಗಿ ಎಡಗೈ ಬಿಟ್ಟು ಬರೀ ಬಲಗೈಯಲ್ಲಿ ನುಡಿಸಿದ ಸಾಲುಗಳಿದ್ದವು. ಇರಲಿ. ಸಿಸ್ಟರ್ ನುಡಿಸಿದ್ದರೆ ಚೆಂದ ಕೇಳುತ್ತಿತ್ತು, ಆದರೆ ಹದಿನೆಂಟು ತಿಂಗಳಾದ ಮೇಲೆ ಅವರು ವಿಮಾನ ಹತ್ತುತ್ತಾರೆ, ಹುಡುಗಿಗೆ ಆಗಲೂ ಮೂರೇ ಕೀರ್ತನೆ ಬರುತ್ತಿತ್ತು.

ಧ್ವನಿಮುದ್ರಣದಲ್ಲೂ ಎಡವಟ್ಟುಗಳಿವೆ. ಹಾಡನ್ನು ಮೊದಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬ್ಲೂಟೂತನ್ನು ಮಾತ್ರ ಮತ್ತೆ ಆನ್ ಮಾಡಬೇಕು. ಇಲ್ಲದಿದ್ದರೆ ಸಂಸ್ಕಾರದ ಮಧ್ಯೆ ಘಾಟಿಯಾಚೆಯವರ ಫೋನು ಸ್ಪೀಕರಿನಲ್ಲಿ ರಿಂಗಾಗುತ್ತದೆ. ಕೆಲವು ಸ್ಪೀಕರುಗಳು ಹತ್ತು ಹದಿನೈದು ನಿಮಿಷ ಸುಮ್ಮನಿದ್ದರೆ ತಾವೇ ಆಫ್ ಆಗುತ್ತವೆ, ಕೀರ್ತನೆಗೆ ಒಂದು ನಿಮಿಷ ಮುಂಚೆ ನೋಡಿಕೊಳ್ಳಬೇಕು. ಪುಸ್ತಕದಲ್ಲಿ ಮೂರೇ ಚರಣ ಇದ್ದು ಧ್ವನಿಮುದ್ರಣದಲ್ಲಿ ನಾಲ್ಕಿದ್ದರೆ, ಮೂರನೆಯದು ಮುಗಿದೊಡನೆ ದನಿ ಇಳಿಸಲು ಒಬ್ಬರು ಕೈಯಿಟ್ಟುಕೊಂಡೇ ಇರಬೇಕು.

ಮೌನ

ಉಪವಾಸದ ಭಾನುವಾರ ಭಾಷಣಕಾರರಿಲ್ಲ. ಮನಸ್ಸು ಬಂದವರು ಎದ್ದು ಬಂದು ಸಾಕ್ಷಿ ಹೇಳುತ್ತಾರೆ. ಅಂದು ನಡೆಸುವವರು ಎರಡು ನಿಮಿಷ ಮಾತಾಡಿ ಕೂತ ಮೇಲೆ ಯಾರೂ ಏಳಲಿಲ್ಲ. ಒಂದು ನಿಮಿಷ, ಎರಡು, ನಾಲ್ಕು. ಹೊರಗೆ ಗಾಳಿ, ಒಳಗೆ ಮಗುವೊಂದು ಕಾಲಿನಿಂದ ಬೆಂಚು ಒದೆಯುವ ಸದ್ದು.

ಹಿರಿಯ ದಂಪತಿ ಮಣಿಯುವುದು ಇಂಥ ಹೊತ್ತಿನಲ್ಲೇ. ಸುಮ್ಮನಿರುವುದು ಅಮೆರಿಕದವರಿಗೆ ಕಷ್ಟ, ಐಸ್‌ಲ್ಯಾಂಡಿನವರಿಗೆ ಅದೇ ಆರಾಮ. ಹಿರಿಯರು ಎದ್ದಿದ್ದರೆ ಅವರ ಪಕ್ಕ ಅನುವಾದಕರು ನಿಲ್ಲಬೇಕಿತ್ತು, ಐದು ನಿಮಿಷದ ಮಾತು ಹತ್ತಾಗುತ್ತಿತ್ತು. ಆಮೇಲೆ ಎದ್ದವರೆಲ್ಲ ಅದೇ ಧಾಟಿ ಹಿಡಿಯುತ್ತಿದ್ದರು. ಅವರು ಏಳಲಿಲ್ಲ. ಐದನೇ ನಿಮಿಷಕ್ಕೆ ಫಿಲಿಪ್ಪೀನ್ಸ್ ಮೂಲದ ನರ್ಸೊಬ್ಬರು ಎದ್ದರು, ಅವರ ಹಿಂದೆ ನಂಬರು ಬದಲಿಸಿದ ಅಜ್ಜಿ. ನಲವತ್ತೆಂಟನೇ ನಿಮಿಷಕ್ಕೆ ನಡೆಸುವವರು ಮುಕ್ತಾಯದ ಕೀರ್ತನೆ ಹೇಳಿದರು. ಅರವತ್ತು ನಿಮಿಷ ಎಂಬುದು ಗಡಿ, ತುಂಬಿಸಲೇಬೇಕಾದ ಪಾತ್ರೆಯಲ್ಲ.

ಐಸ್‌ಲ್ಯಾಂಡಿಕ್ ಬಾರದವರು ಮೂವರೇ ಇದ್ದುದರಿಂದ ಅನುವಾದ ಕೇಳುವ ಹೆಡ್‌ಫೋನಿನ ಪೆಟ್ಟಿಗೆ ತೆರೆಯಲಿಲ್ಲ. ಶಾಲಾ ಶಿಕ್ಷಕಿಯೊಬ್ಬರು ಹಿಂದಿನ ಸಾಲಿನಲ್ಲಿ ಪಿಸುಮಾತಿನಲ್ಲಿ ಅನುವಾದಿಸಿದರು. ಇಪ್ಪತ್ತು ನಿಮಿಷಕ್ಕೊಮ್ಮೆ ಆಳು ಬದಲಾಗದಿದ್ದರೆ ಅನುವಾದ ಸಾರಾಂಶವಾಗುತ್ತ ಹೋಗುತ್ತದೆ. ಅಂದು ಬದಲಿ ಇರಲಿಲ್ಲ, ಹಾಗೇ ಆಯಿತು.

ಮಾಡದೆ ಬಿಟ್ಟ ಎರಡು ಕೆಲಸ

ಶುಕ್ರವಾರ ದೀಕ್ಷಾಸ್ನಾನವಾಗಿದ್ದ ಮಹಿಳೆಯೊಬ್ಬರಿಗೆ ಅಂದು ಸಭೆಯಲ್ಲಿ ಹಸ್ತಾರ್ಪಣೆ, ಅಂದರೆ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವ ವಿಧಿ, ಆಗಬೇಕಿತ್ತು. ಅದಾದ ಮೇಲೇ ಸದಸ್ಯತ್ವ ಪೂರ್ತಿ. ಮಾಡಬೇಕಿದ್ದವರು ಪ್ರೆಸಿಡೆಂಟ್. ಅವರು ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರೆ ಹಿರಿಯರು ಮಾಡಬಹುದಿತ್ತು. ಮಹಿಳೆಯನ್ನೇ ಕೇಳಿದಾಗ ಅವರು ಮುಂದಿನ ವಾರಕ್ಕೆ ಕಾಯುತ್ತೇನೆ ಎಂದರು. ತಡ ಮಾಡಬಾರದೆಂಬುದು ಸರಿ, ಆದರೆ ಏಳು ದಿನ ತಡವಲ್ಲ. ತನ್ನ ಭಾಷೆಯ ಆಶೀರ್ವಾದದ ಮಾತು ಒಬ್ಬರಿಗೆ ಜೀವನದಲ್ಲಿ ಒಮ್ಮೆ ಸಿಗುವುದು.

ಹೆಸರಿನ ವಿಷಯವೂ ಇಲ್ಲೇ ಬರುತ್ತದೆ. ಐಸ್‌ಲ್ಯಾಂಡಿನಲ್ಲಿ ಮನೆತನದ ಹೆಸರು ಅಪರೂಪ, ತಂದೆಯ ಹೆಸರಿಗೆ ಮಗ ಅಥವಾ ಮಗಳು ಎಂದು ಸೇರಿಸುತ್ತಾರೆ. ಅಣ್ಣತಂಗಿಯ ಕೊನೆಹೆಸರೇ ಬೇರೆ, ಗಂಡಹೆಂಡತಿಯದಂತೂ ಬೇರೆಯೇ. ಅಪ್ಪನ ಹೆಸರನ್ನು ಪಾಸ್‌ಪೋರ್ಟಿಗಾಗಿ ಸರ್‌ನೇಮ್ ಮಾಡಿಕೊಂಡ ಕನ್ನಡಿಗರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಸದಸ್ಯರ ಪಟ್ಟಿಯನ್ನು ಕೊನೆಹೆಸರಿನ ಪ್ರಕಾರ ಜೋಡಿಸಿಕೊಂಡರೆ ಒಂದೇ ಮನೆಯವರು ನಾಲ್ಕು ಕಡೆ ಚದುರುತ್ತಾರೆ. ಮೊದಲ ಹೆಸರಿನ ಪ್ರಕಾರ ಜೋಡಿಸಿ, ವಿಳಾಸ ನೋಡಿ ಮನೆ ಗುರುತಿಸಬೇಕು. ಬ್ರದರ್, ಸಿಸ್ಟರ್ ಎಂದ ಮೇಲೂ ಮೊದಲ ಹೆಸರೇ.

ಎರಡನೆಯದು ಹಣ. ಇಲ್ಲಿ ದಶಮಾಂಶವೂ (ಆದಾಯದ ಹತ್ತನೇ ಒಂದು ಪಾಲು) ಉಪವಾಸದ ಕಾಣಿಕೆಯೂ ಹೆಚ್ಚಾಗಿ ಬ್ಯಾಂಕಿನ ಮೂಲಕವೇ ಹೋಗುತ್ತವೆ, ಲಕೋಟೆ ಅಪರೂಪ. ಅಂದು ಅಜ್ಜಿ ಒಂದು ಲಕೋಟೆ ತಂದು ಹಿರಿಯರ ಕೈಗಿಟ್ಟರು. ಬೇಡ ಎನ್ನಲು ಬಾಯಿ ಬರದೆ ಅವರು ಕೋಟಿನ ಜೇಬಿಗೆ ಹಾಕಿಕೊಂಡರು. ಆ ದಿನದ ನಿಜವಾದ ತಪ್ಪು ಇದು. ಕಾಣಿಕೆ ಪಡೆಯಬೇಕಾದವರು ಪ್ರೆಸಿಡೆಂಟ್ ಅಥವಾ ಅವರ ಸಹಾಯಕರು. ಇಬ್ಬರು ಜೊತೆಗೆ ಕೂತು ತೆರೆದು, ಎಣಿಸಿ, ದಾಖಲಿಸಿ ಬ್ಯಾಂಕಿಗೆ ಕಟ್ಟಬೇಕು. ಒಬ್ಬರೇ ಎಣಿಸುವಂತಿಲ್ಲ, ಹಾಲ್‌ನಲ್ಲಿ ಬಿಟ್ಟುಹೋಗುವಂತೆಯೂ ಇಲ್ಲ. ಜೇಬಿನಲ್ಲಿ ಒಂದು ವಾರ ಉಳಿದ ಲಕೋಟೆ ಎಷ್ಟೇ ಪ್ರಾಮಾಣಿಕರ ಜೇಬಾದರೂ ಕೊಟ್ಟವರನ್ನೂ ತೆಗೆದುಕೊಂಡವರನ್ನೂ ಮುಜುಗರಕ್ಕೆ ತಳ್ಳುತ್ತದೆ. ಸಂಸ್ಕಾರ ಸಭೆಯ ನಂತರದ ತರಗತಿ ಶುರುವಾಗುವ ಮೊದಲೇ ಹಿರಿಯರು ಶಿಕ್ಷಕಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಅದನ್ನು ಅಜ್ಜಿಗೆ ಹಿಂದಿರುಗಿಸಿ, ಮುಂದಿನ ವಾರ ಪ್ರೆಸಿಡೆಂಟರ ಕೈಗೇ ಕೊಡಿ ಎಂದು ವಿವರಿಸಿದರು. ಅಜ್ಜಿಗೆ ಸ್ವಲ್ಪ ಬೇಸರವಾಯಿತು.

ಎರಡನೇ ಗಂಟೆ

2019ರಲ್ಲಿ ಭಾನುವಾರದ ಸಭೆ ಎರಡು ಗಂಟೆಗೆ ಇಳಿಯಿತು: ಅರವತ್ತು ನಿಮಿಷದ ಸಂಸ್ಕಾರ ಸಭೆ, ಹತ್ತು ನಿಮಿಷ ಬಿಡುವು, ಐವತ್ತು ನಿಮಿಷ ತರಗತಿ. ದೊಡ್ಡವರದು ಒಂದೇ ತರಗತಿಯಾಯಿತು. ಶಿಕ್ಷಕಿ ಅಧ್ಯಾಯವನ್ನು ಸರದಿಯಲ್ಲಿ ಓದಿಸಿ ಮೂರು ಪ್ರಶ್ನೆ ಕೇಳಿದರು, ಅಷ್ಟಕ್ಕೇ ಹೊತ್ತು ಸರಿಹೋಯಿತು.

ಮಕ್ಕಳ ಕೋಣೆಯಲ್ಲಿ ಇಬ್ಬರು ದೊಡ್ಡವರು ಇರಲೇಬೇಕೆಂಬುದು ನಿಯಮ. ಗಂಡಹೆಂಡತಿ ಇಬ್ಬರೂ ಇದ್ದರೆ ಅದೂ ನಡೆಯುತ್ತದೆ, ಆದ್ದರಿಂದ ಮಕ್ಕಳನ್ನು ಹಿರಿಯ ದಂಪತಿಗೆ ಒಪ್ಪಿಸಿ ಎಲ್ಲರೂ ಹಗುರಾಗುವುದು ವಾಡಿಕೆ. ಅಂದು ಸಿಸ್ಟರ್ ಜೊತೆಗೆ ಮಕ್ಕಳೊಬ್ಬರ ತಾಯಿಯೇ ಕೂತರು. ಪಾಠ ಹೇಳಿದ್ದು ತಾಯಿ, ಬಣ್ಣದ ಪೆನ್ಸಿಲು ಹಂಚಿದ್ದು ಸಿಸ್ಟರ್. ನಾಲ್ಕು ವರ್ಷದವನು ಅವರ ಐಸ್‌ಲ್ಯಾಂಡಿಕ್ ಉಚ್ಚಾರವನ್ನು ಮೂರು ಸಲ ತಿದ್ದಿದ.

ಉಪವಾಸ ಮುರಿಯುವ ಊಟಕ್ಕೆ ಸಿಸ್ಟರ್ ದೊಡ್ಡ ಪಾತ್ರೆಯಲ್ಲಿ ಸೂಪು ಮಾಡಿ ತರಬಹುದಿತ್ತು. ತರಲಿಲ್ಲ. ಯಾವ ಮನೆಯಿಂದ ಏನು ಎಂಬ ಚೀಟಿ ಎರಡು ವಾರದಿಂದ ಗೋಡೆಯ ಮೇಲಿತ್ತು, ಅವರ ಪಾಲಿಗೆ ಬಂದದ್ದು ಬೆಣ್ಣೆ. ಘಾಟಿಯಾಚೆಯವರ ಪಾಲು ಬಾರದೆ ಊಟ ಸಾಲದಾಯಿತು, ಮಕ್ಕಳಿಗೆ ಮೊದಲು ಬಡಿಸಿದರು.

ಮೂರು ಗಂಟೆಗೆ ಪ್ರೆಸಿಡೆಂಟರಿಗೆ ವರದಿ ಹೋಯಿತು. ಫೋನು ಮಾಡಿದ್ದು ಮೀನು ಕಾರ್ಖಾನೆಯವರು: ಹಾಜರಿ ಹದಿನೇಳು, ಸಂಸ್ಕಾರ ಆಯಿತು, ಹಸ್ತಾರ್ಪಣೆ ಬಾಕಿ, ಲಕೋಟೆ ಒಂದು ಹಿಂದಿರುಗಿಸಿದೆ, ಫ್ರೀಜರಿನ ಬ್ರೆಡ್ಡು ಖಾಲಿ. ಬ್ರೆಡ್ಡು ತಂದಿಡುವ ಸರದಿ ಹುಡುಗನ ಮನೆಯದು. ಚೀಟಿಯಲ್ಲಿ ಸೋಮವಾರದ ಎದುರು ಅವನ ತಾಯಿಯ ಹೆಸರು ಬರೆದು ಹಾಲ್‌ಗೆ ಬೀಗ ಹಾಕಿದರು.